ಆಸ್ರಿಗೆ ಏನು ಕೊಡಲಿ? ಲೇಟರ್-ಡೇ ಸೇಂಟ್ ಅತಿಥಿಗಳು ಮನೆಗೆ ಬಂದಾಗ

ನಮ್ಮ ಶಿರಸಿ ಕಡೆ ಮನೆಗೆ ಯಾರೇ ಬರಲಿ, ಮೊದಲ ಮಾತು "ಆಸ್ರಿಗೆ ಎಂತ ಮಾಡಲಿ?" ಅಂತಲೇ. ಕುಡಿಯಲು ಏನಾದರೂ ಕೊಡದೆ ಕಳಿಸಿದರೆ ಆಯಿ ಸುಮ್ಮನಿರುತ್ತಿರಲಿಲ್ಲ. ಆ ಅಭ್ಯಾಸ ಹೊತ್ತುಕೊಂಡೇ ನಾನು 11 ವರ್ಷದ ಹಿಂದೆ ಗಂಡನ ಕೆಲಸದ ಜೊತೆ ಯೂಟಾ ರಾಜ್ಯದ ಲೀಹೈ ಊರಿಗೆ ಬಂದೆ.

ಬಂದ ಮೊದಲ ವಾರ ಪಕ್ಕದ ಮನೆಯ ಅಜ್ಜಿ ಒಂದು ಬ್ರೆಡ್ ಮಾಡಿಕೊಂಡು, ಬಟ್ಟೆಯಲ್ಲಿ ಸುತ್ತಿ ತಂದರು. ನವೆಂಬರ್ ತಿಂಗಳು, ಹೊರಗೆ ಮೈ ಕೊರೆಯುವ ಚಳಿ. ನಾನು ಊರಿಂದ ತಂದ ಪುಡಿ ಹಾಕಿ ಫಿಲ್ಟರ್ ಕಾಫಿ ಮಾಡಿ ದೊಡ್ಡ ಕಪ್ಪಿನಲ್ಲಿ ಕೊಟ್ಟೆ. ಅವರು ಎರಡೂ ಕೈಯಲ್ಲಿ ಕಪ್ಪು ಹಿಡಿದುಕೊಂಡು ಅರ್ಧ ಗಂಟೆ ಮಾತಾಡಿದರು. ಊರು, ಮಕ್ಕಳು, ಹಿಮ ಬಿದ್ದಾಗ ಎಲ್ಲಿ ಉಪ್ಪು ಹಾಕಬೇಕು, ಎಲ್ಲ ಹೇಳಿದರು. ಹೋದ ಮೇಲೆ ನೋಡಿದರೆ ಕಪ್ಪು ತುಂಬಿದ ಹಾಗೇ ಇತ್ತು. ಮೇಲೆ ಕೆನೆ ಕಟ್ಟಿತ್ತು. ಕೈ ಬೆಚ್ಚಗೆ ಮಾಡಿಕೊಂಡಿದ್ದರು ಅಷ್ಟೇ. ಬೇಡ ಅಂದರೆ ನನಗೆ ಬೇಜಾರಾಗಬಹುದು ಅಂತ ಹೇಳದೆ ಕೂತಿದ್ದರು.

ಅಜ್ಜಿ ಲೇಟರ್-ಡೇ ಸೇಂಟ್. ಅದು ಯೂಟಾದಲ್ಲಿ ಬಹಳ ಜನರಿರುವ ಒಂದು ಕ್ರೈಸ್ತ ಸಭೆ, ಅಂದರೆ ಚರ್ಚ್. ಅವರ ನಿಯಮದಲ್ಲಿ ಕಾಫಿ, ಟೀ, ಮದ್ಯ, ತಂಬಾಕು ಬೇಡ. ಅವತ್ತಿನಿಂದ ನಾನು ಈ ವಿಷಯ ಕೇಳಿ, ಓದಿ, ನೋಡಿ ಕಲಿತಿದ್ದೇನೆ. ಹೊಸದಾಗಿ ಇಲ್ಲಿಗೆ ಬರುವ ಕನ್ನಡದವರು ಪ್ರತಿ ವರ್ಷ ಇದನ್ನೇ ಕೇಳುತ್ತಾರೆ. ಊರಲ್ಲಿರುವವರಿಗೂ ಬೇಕಾಗಬಹುದು. ಬೆಂಗಳೂರಿನಲ್ಲಿ ಇವರ ದೇವಾಲಯ ಕಟ್ಟುವುದಾಗಿ 2018ರ ಏಪ್ರಿಲ್‌ನಲ್ಲಿ ಪ್ರಕಟಣೆ ಆಯಿತು, 2020ರ ಡಿಸೆಂಬರ್‌ನಲ್ಲಿ ಗುದ್ದಲಿ ಹಾಕಿದರು. ನಿಮ್ಮ ಆಫೀಸಿನಲ್ಲೋ ಬೀದಿಯಲ್ಲೋ ಈ ಸಭೆಯವರು ಇದ್ದಾರು.

ಮೊದಲು ಹೆಸರು ಸರಿ ಮಾಡಿಕೊಳ್ಳಿ. ನಾವೆಲ್ಲ "ಮಾರ್ಮನ್" ಅನ್ನುತ್ತೇವೆ. 2018ರಲ್ಲಿ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ ಅವರು ಆ ಅಡ್ಡಹೆಸರು ಬೇಡ, ಸಭೆಯ ಪೂರ್ತಿ ಹೆಸರು, "ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲೇಟರ್-ಡೇ ಸೇಂಟ್ಸ್", ಬಳಸಿ ಅಂತ ಕೇಳಿಕೊಂಡರು. ಆದ್ದರಿಂದ ಎದುರಿಗೆ "ಲೇಟರ್-ಡೇ ಸೇಂಟ್" ಅನ್ನಿ. ವಯಸ್ಸಾದವರು ಮಾರ್ಮನ್ ಅಂದರೂ ಬೇಸರ ಮಾಡಿಕೊಳ್ಳಲ್ಲ, ಆದರೂ ಅವರ ಇಷ್ಟದ ಹೆಸರಲ್ಲಿ ಕರೆಯುವುದು ಚೆಂದ, ಅಲ್ವಾ.

ಮೂಲ ಮಾತು ಏನಿದೆ

ಇವರ ನಿಯಮಕ್ಕೆ "ವರ್ಡ್ ಆಫ್ ವಿಸ್ಡಮ್" ಅಂತ ಹೆಸರು. ನಮ್ಮ ಮಾತಲ್ಲಿ ವಿವೇಕದ ಮಾತು. 1833ರ ಫೆಬ್ರವರಿ 27ರಂದು ಒಹಾಯೊ ರಾಜ್ಯದ ಕರ್ಟ್‌ಲ್ಯಾಂಡ್‌ನಲ್ಲಿ, ಸಭೆಯ ಸ್ಥಾಪಕ ಜೋಸೆಫ್ ಸ್ಮಿತ್ ಅವರ ಮೂಲಕ ಬಂದದ್ದು ಅಂತ ಅವರ ನಂಬಿಕೆ. ಅಂಗಡಿಯ ಮಾಳಿಗೆ ಕೋಣೆಯಲ್ಲಿ ಗಂಡಸರು ಪಾಠಕ್ಕೆ ಸೇರುತ್ತಿದ್ದರು. ತಂಬಾಕು ಸೇದುವುದು, ಜಗಿದು ಉಗಿಯುವುದು ಎಲ್ಲ ಅಲ್ಲೇ. ಆ ನೆಲ ಒರೆಸುವ ಕೆಲಸ ಸ್ಮಿತ್ ಅವರ ಹೆಂಡತಿ ಎಮ್ಮಾ ಅವರದ್ದು. ಆ ಗಲೀಜು, ಆ ಹೊಗೆ ನೋಡಿಯೇ ಸ್ಮಿತ್ ದೇವರನ್ನು ಕೇಳಿದರು ಅಂತ ಇವರಲ್ಲಿ ಹೇಳುತ್ತಾರೆ. ಅದು ಅವರ "ಡಾಕ್ಟ್ರಿನ್ ಅಂಡ್ ಕವನೆಂಟ್ಸ್" ಗ್ರಂಥದ 89ನೇ ಭಾಗ. ಒಂದು ಪುಟವೂ ಸರಿಯಾಗಿ ಆಗಲ್ಲ.

ನೀವು ಅದನ್ನೊಮ್ಮೆ ಓದಿ. ಓದಿದರೆ ಮೂರು ವಿಷಯ ಕಣ್ಣಿಗೆ ಬೀಳುತ್ತದೆ. ಒಂದು, ಕಾಫಿ, ಟೀ ಅನ್ನುವ ಹೆಸರೇ ಅಲ್ಲಿಲ್ಲ. "ಬಿಸಿ ಪಾನೀಯಗಳು ದೇಹಕ್ಕಾಗಲಿ ಹೊಟ್ಟೆಗಾಗಲಿ ಅಲ್ಲ" ಅಂತ ಮಾತ್ರ ಇದೆ. ಎರಡು, ಇದು ಆಜ್ಞೆಯಾಗಿ ಅಥವಾ ಒತ್ತಾಯವಾಗಿ ಬಂದದ್ದಲ್ಲ ಅಂತ ಶುರುವಿನಲ್ಲೇ ಹೇಳಿದೆ. ಮೂರು, ಮದ್ಯ ಬೇಡ ಅನ್ನುತ್ತಲೇ, ಪ್ರಭುಭೋಜನದ ಸಂಸ್ಕಾರಕ್ಕೆ (ಯೇಸುವಿನ ನೆನಪಿಗೆ ಸಭೆಯಲ್ಲಿ ರೊಟ್ಟಿ, ಪಾನೀಯ ಹಂಚುವುದು) ತಾವೇ ಮಾಡಿದ ಶುದ್ಧ ದ್ರಾಕ್ಷಾರಸ ಆಗಬಹುದು ಅನ್ನುತ್ತದೆ, ಬಾರ್ಲಿಯಿಂದ ಸೌಮ್ಯ ಪಾನೀಯ ಮಾಡಬಹುದು ಅನ್ನುತ್ತದೆ.

ಇಷ್ಟು ಚಿಕ್ಕ ಮಾತು. ಅದಕ್ಕೆ ಅರ್ಥ ಕಟ್ಟುತ್ತ ಬಂದವರು ಮುಂದಿನ ಜನ. ಅದಕ್ಕೇ ನಾನು ಹೇಳುವುದು ಇಷ್ಟು: ಅತಿಥಿಗೆ ಏನು ಕೊಡಬೇಕು ಅಂತ ತಿಳಿಯಲು ನಿಯಮ ಗೊತ್ತಿದ್ದರೆ ಸಾಲದು. ಅವರು ಆ ನಿಯಮವನ್ನು ಯಾವ ಕಾಲದಲ್ಲಿ ಕಲಿತರು ಅನ್ನುವುದೂ ಗೊತ್ತಿರಬೇಕು.

ಅರ್ಥ ಹೇಗೆ ಸರಿಯುತ್ತ ಬಂತು

ಬಿಸಿ ಪಾನೀಯ ಅಂದರೆ ಟೀ, ಕಾಫಿ ಅಂತ ಜೋಸೆಫ್ ಅವರ ಅಣ್ಣ ಹೈರಮ್ ಸ್ಮಿತ್ 1842ರಲ್ಲಿ ಬಿಡಿಸಿ ಹೇಳಿದರು. ಆಗ ಅವರೆಲ್ಲ ಇಲಿನಾಯ್ ರಾಜ್ಯದ ನಾವೂ ಎಂಬ ಊರಲ್ಲಿದ್ದರು. ಹಾಗಂತ ಜನ ತಕ್ಷಣ ಬಿಟ್ಟುಬಿಟ್ಟರಾ? ಇಲ್ಲ. 1845ರಲ್ಲಿ ಆ ಊರು ಬಿಟ್ಟು ಪಶ್ಚಿಮಕ್ಕೆ ಹೊರಡುವ ಕುಟುಂಬಗಳಿಗೆ ಅಂತ ಪತ್ರಿಕೆಯಲ್ಲಿ ಸಾಮಾನಿನ ಪಟ್ಟಿ ಬಂತು. ಅದರಲ್ಲಿ ಟೀ, ಕಾಫಿ ಎರಡೂ ಇದ್ದವು. ಯೂಟಾಕ್ಕೆ ಬಂದ ಮೇಲೂ ಹಾಗೇ. 1860ರ ದಶಕದಲ್ಲಿ, ಜೋಸೆಫ್ ಸ್ಮಿತ್ ನಂತರ ಸಭೆಯ ನಾಯಕರಾದ ಬ್ರಿಗಮ್ ಯಂಗ್ ಯೂಟಾದ ದಕ್ಷಿಣಕ್ಕೆ ಕುಟುಂಬಗಳನ್ನು ಕಳಿಸಿ ಹತ್ತಿಯ ಜೊತೆ ದ್ರಾಕ್ಷಿಯನ್ನೂ ಬೆಳೆಸಿದರು. ಟೋಕರ್‌ವಿಲ್ ಊರಲ್ಲಿ ವೈನ್ ಮಾಡುತ್ತಿದ್ದರು. ಸಭೆಗೆ ಕೊಡಬೇಕಾದ ಹತ್ತನೇ ಒಂದು ಪಾಲನ್ನು ಕೆಲವರು ವೈನಿನಲ್ಲೇ ಕೊಡುತ್ತಿದ್ದರು.

ಚಾಕೊಲೇಟಿನ ಕತೆ ನನಗೆ ಬಹಳ ಇಷ್ಟ. 1868ರಲ್ಲಿ ಜಾರ್ಜ್ ಕ್ಯೂ. ಕ್ಯಾನನ್ ಎಂಬ ನಾಯಕರು ಬಿಸಿ ಪಾನೀಯಗಳ ಸಾಲಿನಲ್ಲಿ ಟೀ, ಕಾಫಿ ಜೊತೆ ಚಾಕೊಲೇಟ್, ಕೋಕೋ ಕೂಡ ಸೇರಿಸಿ ಮಾತಾಡಿದ್ದರು. ಇವತ್ತು ನೋಡಿ, ಚಳಿಗಾಲದಲ್ಲಿ ಇಲ್ಲಿ ಯಾವ ಸೇಂಟ್ ಮನೆಗೆ ಹೋದರೂ ಮೊದಲು ಕೈಗೆ ಬರುವುದು ಬಿಸಿ ಚಾಕೊಲೇಟ್. ಅದೇ ಗ್ರಂಥ, ಅದೇ ಸಾಲು.

ಗಟ್ಟಿ ನಿಯಮ ಆದದ್ದು ನಿಧಾನವಾಗಿ. 1906ರಲ್ಲಿ ಸಭೆಯ ಹಿರಿಯ ನಾಯಕರು ಪ್ರಭುಭೋಜನಕ್ಕೆ ವೈನ್ ಬದಲು ನೀರು ಬಳಸಲು ಶುರು ಮಾಡಿದರು. ಇವತ್ತೂ ಭಾನುವಾರ ಬ್ರೆಡ್ಡಿನ ತುಣುಕು, ಪುಟ್ಟ ಲೋಟದಲ್ಲಿ ನೀರು, ಅಷ್ಟೇ. 1918ರಿಂದ 1945ರವರೆಗೆ ಅಧ್ಯಕ್ಷರಾಗಿದ್ದ ಹೀಬರ್ ಜೆ. ಗ್ರಾಂಟ್ ಅವರಿಗೆ ಈ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು. 1921ರಲ್ಲಿ ದೇವಾಲಯದ ಒಳಗೆ ಹೋಗುವ ಅನುಮತಿ ಚೀಟಿಗೆ ಇದನ್ನು ಷರತ್ತು ಮಾಡಿದರು. ಆಗ ಅಮೆರಿಕದಲ್ಲಿ ಪಾನನಿಷೇಧವೂ ಇತ್ತು. ಆ ನಿಷೇಧ ತೆಗೆಯಲು 1933ರಲ್ಲಿ ಬೇಕಾಗಿದ್ದ 36ನೇ ರಾಜ್ಯದ ಒಪ್ಪಿಗೆ ಯೂಟಾದ್ದೇ ಆಯಿತು. ಗ್ರಾಂಟ್ ಅವರಿಗೆ ಅದು ದೊಡ್ಡ ನೋವು.

ಅನುಮತಿ ಚೀಟಿಯ ವಿಷಯ ಮನಸ್ಸಲ್ಲಿಟ್ಟುಕೊಳ್ಳಿ. ನಿಮ್ಮ ಅತಿಥಿ ಮತ್ತೆ ಮತ್ತೆ ಬಿಷಪ್ ಎದುರು ಕೂತು, ಈ ನಿಯಮ ಪಾಲಿಸುತ್ತೀರಾ ಅನ್ನುವ ಪ್ರಶ್ನೆಗೆ ಉತ್ತರ ಕೊಡಬೇಕು. ಮಗಳ ಮದುವೆ ದೇವಾಲಯದ ಒಳಗೆ ಇದ್ದರೆ, ಚೀಟಿ ಇಲ್ಲದ ತಾಯಿ ಹೊರಗೆ ನಿಲ್ಲಬೇಕಾಗುತ್ತದೆ. ಆದ್ದರಿಂದ "ಒಂದು ಗುಟುಕು ಕುಡೀರಿ, ಏನೂ ಆಗಲ್ಲ" ಅಂತ ನಮ್ಮ ಕಡೆಯ ಹಾಗೆ ಒತ್ತಾಯ ಮಾಡಲೇಬೇಡಿ. ನಮಗದು ಉಪಚಾರ. ಅವರಿಗೆ ಅದು ಕಷ್ಟ.

ಮಾಂಸದ ಬಗ್ಗೆಯೂ ಆ ಭಾಗದಲ್ಲಿ ಇದೆ. ಮಿತವಾಗಿ ತಿನ್ನಿ, ಚಳಿಗಾಲದಲ್ಲಿ, ಬರಗಾಲದಲ್ಲಿ ಮಾತ್ರ ತಿಂದರೆ ಒಳ್ಳೆಯದು ಅಂತ. ಅದು ಸಲಹೆಯಾಗಿಯೇ ಉಳಿಯಿತು, ಪಾನೀಯದ ಮಾತು ಷರತ್ತಾಯಿತು. ಸಸ್ಯಾಹಾರಿಯಾದ ನನಗೆ ಇದು ಮೊದಮೊದಲು ಆಶ್ಚರ್ಯ ಅನ್ನಿಸಿತು. ಪಕ್ಕದ ಮನೆ ಅಜ್ಜಿಗೆ ಹೇಳಿದಾಗ, ಅವರೂ ಆ ಸಾಲನ್ನು ನೆನೆದು ಬೇಸಿಗೆಯಲ್ಲಿ ಮಾಂಸ ಕಮ್ಮಿ ಮಾಡುವುದುಂಟು ಅಂದರು.

ಒಂದೇ ಮನೆ, ಮೂರು ಲೋಟ

ಈಗ ಕೋಲಾ ವಿಷಯ. ಇಲ್ಲೇ ಜನರಿಗೆ ಗಲಿಬಿಲಿ ಜಾಸ್ತಿ.

ಎರಡು ವರ್ಷದ ಹಿಂದೆ ಅಜ್ಜಿಯ ಹುಟ್ಟುಹಬ್ಬ ನಮ್ಮ ಹಿತ್ತಲಲ್ಲೇ ಮಾಡಿದೆವು. ಅವರಿಗೆ 80 ದಾಟಿದೆ. ಕೋಕ್ ಮುಟ್ಟುವುದಿಲ್ಲ. ಅವರು ಬೆಳೆಯುವ ಹೊತ್ತಿಗೆ ಕೋಲಾ ಬೇಡ ಅನ್ನುವ ಮಾತು ಮನೆಮನೆಯಲ್ಲಿತ್ತು. 1972ರಲ್ಲಿ ಸಭೆ ತನ್ನ ನಾಯಕರಿಗೆ ಬರೆದ ಮಾತು ಎರಡು ಬದಿಯದ್ದು: ಕೋಲಾ ಬಗ್ಗೆ ನಾವು ಅಧಿಕೃತವಾಗಿ ಏನೂ ಹೇಳಿಲ್ಲ, ಆದರೆ ಚಟ ಹಿಡಿಸುವ ಪದಾರ್ಥ ಇರುವ ಪಾನೀಯ ಬೇಡ ಅನ್ನುವುದು ನಮ್ಮ ಸಲಹೆ. ಅಜ್ಜಿಯ ತಲೆಮಾರು ಎರಡನೇ ಮಾತನ್ನು ಹಿಡಿದುಕೊಂಡಿತು.

ಅವರ ಮಗಳಿಗೆ ಐವತ್ತರ ಆಚೆ. ಪ್ರೋವೊದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಕೆಫೀನ್ (ಕಾಫಿ, ಟೀಯಲ್ಲೂ ಇರುವ, ಚುರುಕು ಕೊಡುವ ಪದಾರ್ಥ) ಇರುವ ಕೋಲಾ ಆಗ ಕ್ಯಾಂಪಸ್ಸಿನಲ್ಲಿ ಮಾರುತ್ತಲೇ ಇರಲಿಲ್ಲ. ಬೇಕಾದವರು ಹೊರಗಿಂದ ತಂದುಕೊಳ್ಳುತ್ತಿದ್ದರು. ಅವರು ಈಗ ಒಂದು ಕ್ಯಾನ್ ಕುಡಿಯುತ್ತಾರೆ, ಅಮ್ಮನ ಎದುರು ಮಾತ್ರ ಕುಡಿಯಲ್ಲ.

ಮೊಮ್ಮಗಳು ಬಂದಿದ್ದೇ 44 ಔನ್ಸಿನ ದೊಡ್ಡ ಲೋಟ ಹಿಡಿದುಕೊಂಡು. ಡಯಟ್ ಕೋಕ್, ತೆಂಗಿನಕಾಯಿ ಸಿರಪ್, ನಿಂಬೆಹಣ್ಣು, ಮೇಲೆ ಸ್ವಲ್ಪ ಕ್ರೀಮ್. ಇದಕ್ಕೆ "ಡರ್ಟಿ ಸೋಡಾ" ಅನ್ನುತ್ತಾರೆ. 2010ರಲ್ಲಿ ಸೇಂಟ್ ಜಾರ್ಜ್ ಊರಲ್ಲಿ ನಿಕೋಲ್ ಟ್ಯಾನರ್ ಅವರು ಶುರು ಮಾಡಿದ ಸ್ವಿಗ್ ಎಂಬ ಅಂಗಡಿಯಿಂದ ಇದು ಹಬ್ಬಿತು. ಈಗ ಇಲ್ಲಿ ಸೋಡಾ ಅಂಗಡಿಗಳ ಎದುರು ಬೆಳಿಗ್ಗೆಯೇ ಕಾರಿನ ಸಾಲು. ನಮ್ಮ ದರ್ಶಿನಿಗಳ ಎದುರು ಕಾಫಿಗೆ ನಿಲ್ಲುವ ಹಾಗೆ.

ನಡುವೆ ಆದದ್ದು ಏನು? 2012ರ ಆಗಸ್ಟಿನಲ್ಲಿ ಸಭೆ, ವಿವೇಕದ ಮಾತಿನಲ್ಲಿ ಕೆಫೀನ್ ಪ್ರಸ್ತಾಪವೇ ಇಲ್ಲ, ಬಿಸಿ ಪಾನೀಯ ಅಂದರೆ ಟೀ ಮತ್ತು ಕಾಫಿ ಅಂತ ಸ್ಪಷ್ಟ ಮಾಡಿತು. 2017ರ ಸೆಪ್ಟೆಂಬರ್‌ನಲ್ಲಿ ಆ ವಿಶ್ವವಿದ್ಯಾಲಯ ಕ್ಯಾಂಪಸ್ಸಿನಲ್ಲೇ ಕೆಫೀನ್ ಸೋಡಾ ಮಾರತೊಡಗಿತು. ಮೂವರೂ ಭಕ್ತರೇ. ಮೂವರೂ ಒಂದೇ ಪುಟವನ್ನೇ ಪಾಲಿಸುತ್ತಿದ್ದಾರೆ. ಅವತ್ತು ನಾನು ಮೇಜಿನ ಮೇಲೆ ಮಜ್ಜಿಗೆ, ನಿಂಬೆ ಪಾನಕ, ರೂಟ್ ಬಿಯರ್, ಕೋಕ್ ಎಲ್ಲ ಇಟ್ಟೆ, ಯಾರಿಗೂ ಬಗ್ಗಿಸಿ ಕೊಡಲಿಲ್ಲ. ಬೇಕಾದ್ದು ಅವರವರೇ ಹಾಕಿಕೊಂಡರು. ದೊಡ್ಡ ಗುಂಪು ಬಂದಾಗ ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. ಅಂದಹಾಗೆ ರೂಟ್ ಬಿಯರ್, ಜಿಂಜರ್ ಏಲ್ ಹೆಸರು ನೋಡಿ ಹೆದರಬೇಡಿ. ಅಂಗಡಿಯಲ್ಲಿ ಸಿಗುವವು ಬರೀ ಸಿಹಿ ಸೋಡಾ.

ಬಿಸಿಯಾ, ಕೆಫೀನಾ, ಗಿಡವಾ?

ಬಿಸಿ ಬೇಡ ಅಂದರೆ ತಣ್ಣಗೆ ಮಾಡಿ ಕೊಡಬಹುದಲ್ಲ ಅಂತ ನಮ್ಮವರು ಕೇಳುತ್ತಾರೆ. ಕೊಡಬಾರದು. 2019ರ ಆಗಸ್ಟಿನಲ್ಲಿ ಯುವಕರಿಗಾಗಿ ಬರುವ ಅವರ ಪತ್ರಿಕೆಯಲ್ಲಿ ಇದನ್ನು ಬಿಡಿಸಿ ಬರೆದರು. ಐಸ್ಡ್ ಟೀ ಕೂಡ ಟೀ. ಗ್ರೀನ್ ಟೀ ಕೂಡ ಟೀ. ಮೋಕಾ, ಲ್ಯಾಟೆ, ಎಸ್ಪ್ರೆಸೊ, "ಚೀನೊ" ಅಂತ ಕೊನೆಯಾಗುವ ಹೆಸರಿನ ಪಾನೀಯಗಳಲ್ಲಿ ಸಾಮಾನ್ಯವಾಗಿ ಕಾಫಿ ಇರುತ್ತದೆ, ಆದ್ದರಿಂದ ಬೇಡ. ಇ-ಸಿಗರೇಟ್ ಕೂಡ ಬೇಡ.

ಹಾಗಾದರೆ ಅಳತೆ ಯಾವುದು? ಅರ್ಜೆಂಟೀನಾ, ಉರುಗ್ವೆಯ ಸೇಂಟ್‌ಗಳು ಮಾಟೆ ಎಂಬ, ಎಲೆಯಿಂದ ಮಾಡುವ ಪಾನೀಯ ಕುಡಿಯುತ್ತಾರೆ. ಅದು ಬಿಸಿಯಾಗಿರುತ್ತದೆ, ಕೆಫೀನೂ ಇದೆ. ಆದರೆ ಅದು ಟೀ ಗಿಡದ ಎಲೆ ಅಲ್ಲ. ನಾನು ಅಡುಗೆಮನೆಯಲ್ಲಿ ನೆನಪಿಟ್ಟುಕೊಂಡಿರುವುದು ಗಿಡದ ಲೆಕ್ಕ: ಟೀ ಗಿಡ ಬೇಡ, ಕಾಫಿ ಗಿಡ ಬೇಡ, ಹೆಂಡ ಬೇಡ. ಉಳಿದದ್ದು ಕೇಳಿ ಕೊಡಿ.

ಪ್ಯಾಕೆಟ್ ತಿರುಗಿಸಿ ಸಣ್ಣ ಅಕ್ಷರ ಓದುವ ಅಭ್ಯಾಸ ಮಾಡಿಕೊಳ್ಳಿ. ಬ್ಲ್ಯಾಕ್, ಗ್ರೀನ್, ವೈಟ್, ಊಲಾಂಗ್, ಮಾಚಾ ಎಲ್ಲವೂ ಒಂದೇ ಗಿಡದ ಎಲೆ. ಭಾರತದ ಅಂಗಡಿಯಲ್ಲಿ ಸಿಗುವ "ತುಳಸಿ ಗ್ರೀನ್ ಟೀ"ಯಲ್ಲಿ ತುಳಸಿ ಜೊತೆ ಟೀ ಎಲೆಯೂ ಇರುತ್ತದೆ. ಬರೀ ತುಳಸಿ, ಪುದೀನ, ಕ್ಯಾಮೊಮೈಲ್, ರೂಯಿಬೋಸ್ ಇದ್ದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ಹೆಸರಲ್ಲಿ ಟೀ ಅಂತಿದ್ದರೂ. ಕೊಡುವಾಗ "ಟೀ" ಅನ್ನದೆ "ಪುದೀನ ಎಲೆ ಕುದಿಸಿದ ನೀರು" ಅನ್ನಿ. ಅವರಿಗೆ ನಿರಾಳ ಆಗುತ್ತದೆ.

ನಮ್ಮ ಕಾಫಿ ಪುಡಿಯ ಪ್ಯಾಕೆಟ್ಟಿನ ಮೇಲೆ ಕಾಫಿ 70, ಚಿಕೋರಿ 30 ಅಂತ ಇರುತ್ತದಲ್ಲ, ಚಿಕೋರಿ ಎಷ್ಟೇ ಜಾಸ್ತಿ ಇದ್ದರೂ ಅದು ಕಾಫಿಯೇ. ಬರೀ ಚಿಕೋರಿ ಬೇರೆ ಮಾತು, ಅದು ಹುರಿದ ಬೇರು. ಇವರಲ್ಲೂ ಕಾಫಿ ಬದಲಿಗೆ ಹುರಿದ ಧಾನ್ಯದ ಪುಡಿ ಕುಡಿಯುವ ಹಳೆಯ ರೂಢಿ ಇದೆ. 1895ರಲ್ಲಿ ಸಿ. ಡಬ್ಲ್ಯೂ. ಪೋಸ್ಟ್ ಮಾಡಿದ ಪೋಸ್ಟಮ್ ಎಂಬ ಪುಡಿ ಅಜ್ಜಿಯಂಥವರ ಮನೆಯಲ್ಲಿ ಇಂದೂ ಇರುತ್ತದೆ. ಗೋಧಿ ಹೊಟ್ಟು, ಕಾಕಂಬಿ ಹುರಿದು ಮಾಡಿದ್ದು. ಕೆಫೀನ್ ತೆಗೆದ ಡಿಕಾಫ್ ಕಾಫಿಯನ್ನು ಬಹಳ ಜನ ಕುಡಿಯುವುದಿಲ್ಲ, ಆದ್ದರಿಂದ ಅದನ್ನು ಬದಲಿ ಅಂದುಕೊಳ್ಳಬೇಡಿ. ಕೊಂಬುಚಾ (ಹುಳಿ ಬರಿಸಿದ ಟೀ), ಕಾಫಿ ಐಸ್‌ಕ್ರೀಮ್, ಕಾಫಿ ಹಾಕಿದ ತಿರಮಿಸು ಸಿಹಿ, ರಮ್ ಹಾಕಿದ ಕೇಕು, ಇವುಗಳಲ್ಲಿ ಒಬ್ಬೊಬ್ಬರದು ಒಂದೊಂದು ನಿಲುವು. ನಾನು ಮೇಜಿನ ಮೇಲೆ ಇಡುವುದೇ ಇಲ್ಲ.

ಕೇಳುವ ರೀತಿ

"ನೀವು ಕಾಫಿ ಕುಡಿಯಲ್ಲ ಅಲ್ವಾ?" ಅಂತ ಶುರು ಮಾಡಬೇಡಿ. ಅದು ಪರೀಕ್ಷೆ ಮಾಡಿದ ಹಾಗೆ ಕೇಳುತ್ತದೆ. ನಿಯಮ ಬಿಟ್ಟ ಸೇಂಟ್‌ಗಳೂ ಇದ್ದಾರೆ, ಮನೆಯವರ ಎದುರು ಅವರಿಗೆ ಮುಜುಗರ ಆಗುತ್ತದೆ. ನಾನು ಕೇಳುವುದು ಹೀಗೆ: "ಬಿಸಿಗೆ ಕಷಾಯ, ಹಾಲು, ಕೋಕೋ ಇದೆ. ತಣ್ಣಗೆ ಮಜ್ಜಿಗೆ, ಪಾನಕ, ಸೋಡಾ ಇದೆ. ಯಾವುದು ಇಷ್ಟ?" ಯಾವುದಕ್ಕೂ ಅವರು ಬೇಡ ಅನ್ನಬೇಕಾದ ಪ್ರಮೇಯ ಬರಬಾರದು. ನಿಮಗೆ ಕಾಫಿ ಬೇಕಿದ್ದರೆ ಮಾಡಿಕೊಂಡು ಕುಡಿಯಿರಿ. ಅದರಿಂದ ಅವರಿಗೆ ಬೇಸರ ಇಲ್ಲ, ಎಷ್ಟೋ ಜನ ಪರಿಮಳ ಚೆನ್ನಾಗಿದೆ ಅನ್ನುತ್ತಾರೆ.

ಕರೆಯುವ ದಿನವನ್ನೂ ನೋಡಿ. ಸಾಮಾನ್ಯವಾಗಿ ತಿಂಗಳ ಮೊದಲ ಭಾನುವಾರ ಅವರಿಗೆ ಉಪವಾಸ. ಎರಡು ಹೊತ್ತು ಊಟ ಬಿಡುತ್ತಾರೆ, ನೀರನ್ನೂ ಕುಡಿಯುವುದಿಲ್ಲ. ನಮ್ಮ ನಿರ್ಜಲ ಏಕಾದಶಿ ನೆನಪಾಗುತ್ತದೆ. ಆ ದಿನ ಮಧ್ಯಾಹ್ನಕ್ಕೆ ಕರೆಯಬೇಡಿ.

ಕಷಾಯ: ನನ್ನ ಮನೆಯ ಉತ್ತರ

ಆ ಕಾಫಿಯ ಕಪ್ಪು ನೋಡಿದ ಮೇಲೆ ಆಯಿಗೆ ಫೋನ್ ಮಾಡಿದ್ದೆ. "ಕಷಾಯ ಮಾಡಿಕೊಡು, ಅದಕ್ಕೆ ಯಾರು ಬೇಡ ಅಂತಾರೆ" ಅಂದಳು. ಒಂದು ಹನಿಯೂ ಕಾಫಿ ಇಲ್ಲ, ಟೀ ಇಲ್ಲ, ಬಿಸಿ ಬಿಸಿ, ಹಾಲು ಬೆಲ್ಲ ಸೇರಿ ಕಾಫಿಯದ್ದೇ ಬಣ್ಣ.

ಒಂದು ಕಪ್ ಕೊತ್ತಂಬರಿ ಬೀಜ, ಕಾಲು ಕಪ್ ಜೀರಿಗೆ, ಒಂದು ದೊಡ್ಡ ಚಮಚ ಬಡೆಸೋಪು, ಒಂದು ಚಿಕ್ಕ ಚಮಚ ಕಾಳುಮೆಣಸು, ಅರ್ಧ ಚಿಕ್ಕ ಚಮಚ ಮೆಂತ್ಯ, ಐದಾರು ಏಲಕ್ಕಿ, ಬೆರಳುದ್ದ ಒಣಶುಂಠಿ. ಒಂದೊಂದನ್ನೂ ಬೇರೆ ಬೇರೆ, ಸಣ್ಣ ಉರಿಯಲ್ಲಿ ಹುರಿಯಿರಿ. ಕೊತ್ತಂಬರಿ ಮುಟ್ಟಿದರೆ ಗರಿಗರಿ ಅನ್ನಬೇಕು, ಕಪ್ಪಾಗಬಾರದು. ಮೆಂತ್ಯ ಸ್ವಲ್ಪ ಜಾಸ್ತಿ ಹುರಿದರೂ ಕಹಿ, ಕಮ್ಮಿ ಹುರಿದರೂ ಕಹಿ, ಕೆಂಪಾದ ತಕ್ಷಣ ಇಳಿಸಿ. ಒಣಶುಂಠಿಯನ್ನು ಮೊದಲು ಜಜ್ಜಿಕೊಳ್ಳಿ, ಇಲ್ಲದಿದ್ದರೆ ಮಿಕ್ಸಿ ಬ್ಲೇಡು ಹಾಳಾಗುತ್ತದೆ. ಪೂರ್ತಿ ತಣಿದ ಮೇಲೆ ಪುಡಿ ಮಾಡಿ, ಚಿಟಿಕೆ ಅರಿಶಿನ ಸೇರಿಸಿ.

ಎರಡು ಲೋಟಕ್ಕೆ ಒಂದೂವರೆ ಲೋಟ ನೀರು ಕುದಿಸಿ, ಎರಡು ಚಿಕ್ಕ ಚಮಚ ಪುಡಿ, ನಿಂಬೆ ಗಾತ್ರದ ಬೆಲ್ಲ ಹಾಕಿ ನಾಲ್ಕು ನಿಮಿಷ ಸಣ್ಣಗೆ ಕುದಿಸಿ. ಉರಿ ಆರಿಸಿ, ಒಂದು ನಿಮಿಷ ಬಿಟ್ಟು, ಕಾಯಿಸಿದ ಹಾಲು ಅರ್ಧ ಲೋಟ ಬೆರೆಸಿ. ಬೆಲ್ಲ ಕುದಿಯುತ್ತಿರುವಾಗ ಹಾಲು ಹಾಕಿದರೆ ಒಡೆಯುತ್ತದೆ. ಸೋಸಿ ಕೊಡಿ. ಇಲ್ಲಿಯವರಿಗೆ ಮೊದಲ ಸಲ ಕಾಳುಮೆಣಸು ಅರ್ಧಕ್ಕೆ ಇಳಿಸಿ.

ಅಜ್ಜಿಗೆ ಮೊದಲ ಸಲ ಕೊಟ್ಟಾಗ ಬಣ್ಣ ನೋಡಿ ಕೈ ತಡೆದರು. ನಾನು ಡಬ್ಬಿ ತಂದು, ಮುಚ್ಚಳ ತೆಗೆದು, ಇದು ಕೊತ್ತಂಬರಿ, ಇದು ಜೀರಿಗೆ ಅಂತ ಒಂದೊಂದೇ ತೋರಿಸಿದೆ. ಮೂಸಿ ನೋಡಿದರು. ಆಮೇಲೆ ಪೂರ್ತಿ ಕುಡಿದು, ಇನ್ನರ್ಧ ಕೇಳಿದರು.

ಪುಡಿಯನ್ನು ಕ್ರಿಸ್‌ಮಸ್ಸಿಗೆ ಚಿಕ್ಕ ಬಾಟಲಿಗಳಲ್ಲಿ ತುಂಬಿ ಬೀದಿಯವರಿಗೆ ಕೊಡುತ್ತೇನೆ. ನೀವೂ ಕೊಡುವುದಾದರೆ ಚೀಟಿಯಲ್ಲಿ ಹೆಸರು ಮಾತ್ರ ಬರೆದರೆ ಸಾಲದು. ಹಾಕಿದ ಪದಾರ್ಥ ಎಲ್ಲ ಇಂಗ್ಲಿಷಿನಲ್ಲಿ ಬರೆದು, ಕೆಳಗೆ "ಟೀ ಎಲೆ ಇಲ್ಲ, ಕಾಫಿ ಇಲ್ಲ" ಅಂತ ಸೇರಿಸಿ ಅಂಟಿಸಿ. ಮಾಡುವ ವಿಧಾನ ಹಿಂಬದಿಗೆ ಬರೆಯಿರಿ. ಬಾಟಲಿ ಒಣಗಿರಲಿ, ಮುಚ್ಚಳ ಬಿಗಿಯಾಗಿರಲಿ. ಪರಿಮಳ ಎರಡು ತಿಂಗಳು ಚೆನ್ನಾಗಿ ಉಳಿಯುತ್ತದೆ.